ಪ್ರತಿ ಮಳೆಗಾಲದ ನಂತರ ಹೊಸದಾಗುವ ಹಳೆಯ ಮನೆ: ಆಫ್ರಿಕಾದ ಗೃಹ ಪರಂಪರೆಯಲ್ಲಿ ಉಳಿಸಬೇಕಾದದ್ದು ಯಾವುದು?

2024ರ ಜುಲೈನಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಸಮಿತಿಯ 46ನೇ ಅಧಿವೇಶನ ದೆಹಲಿಯ ಭಾರತ ಮಂಟಪದಲ್ಲಿ ನಡೆಯಿತು. ಸಹಜವಾಗಿಯೇ ನಮ್ಮವರ ಗಮನ ಅಸ್ಸಾಮಿನ ಅಹೋಮ್ ಅರಸರ ಸಮಾಧಿ ದಿಬ್ಬಗಳ ಮೇಲಿತ್ತು. ಅದೇ ಅಧಿವೇಶನದಲ್ಲಿ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ತ್ಯೇಬೆಲೆ ಎಂಬ ಊರಿನ ಅರಸು ಮನೆತನದ ವಠಾರವೂ ಪಟ್ಟಿಗೆ ಸೇರಿತು. ಮಣ್ಣಿನ ಮನೆಗಳು, ಅವುಗಳ ನಡುವೆ ಮಣ್ಣಿನದೇ ಗೋಡೆಗಳು ಮತ್ತು ಓಣಿಗಳು, ಸುತ್ತಲೂ ಒಂದು ಕಾವಲು ಗೋಡೆ, ಅದರ ಹೊರಗೆ ಊರ ಜನ ಸೇರುವ ಜಾಗ. ಕಸೇನಾ ಎಂಬ ಸಮುದಾಯ 16ನೇ ಶತಮಾನದಿಂದ ಇಲ್ಲಿ ಬಾಳುತ್ತ ಬಂದಿದೆ. ಆದರೆ ಅಲ್ಲಿನ ಯಾವ ಗೋಡೆಯ ಮೇಲಿನ ಯಾವ ಚಿತ್ತಾರವೂ 16ನೇ ಶತಮಾನದ್ದಲ್ಲ. ಮಳೆಗೆ ಕರಗುವ ಮಣ್ಣಿನ ಮೇಲೆ ಬರೆದದ್ದು ನಾಲ್ಕು ನೂರು ವರ್ಷ ಉಳಿಯುವ ಮಾತೇ ಇಲ್ಲ. ಪರಂಪರೆಯೆಂದರೆ ಹಳೆಯ ವಸ್ತು ಎಂದು ತಿಳಿದವರಿಗೆ ಇದೊಂದು ಒಗಟು. ಆಫ್ರಿಕಾದ ಮನೆಗಳನ್ನು, ಅಲ್ಲಿಂದ ಚದುರಿದ ಜನ ಬೇರೆ ಖಂಡಗಳಲ್ಲಿ ಕಟ್ಟಿಕೊಂಡ ಮನೆಗಳನ್ನು ಹೇಗೆ ಉಳಿಸಬೇಕು ಎಂಬ ಇಂದಿನ ಚರ್ಚೆಯೆಲ್ಲ ಈ ಒಗಟಿನ ಸುತ್ತಲೇ ತಿರುಗುತ್ತಿದೆ.

ತ್ಯೇಬೆಲೆಯಲ್ಲಿ ಕೆಲಸದ ಹಂಚಿಕೆ ಸ್ಪಷ್ಟವಾಗಿದೆ. ಗೋಡೆ ಎಬ್ಬಿಸುವುದು ಗಂಡಸರ ಕೆಲಸ, ಅದನ್ನು ಸಾರಿಸಿ ಚಿತ್ತಾರ ಬರೆಯುವುದು ಹೆಂಗಸರ ಕೆಲಸ. ಆ ಚಿತ್ತಾರದ ಅರ್ಥ ಮತ್ತು ವಿಧಾನ ಎರಡೂ ಹೆಂಗಸರ ಬಳಿ ಮಾತ್ರ ಇವೆ ಎಂದು ಯುನೆಸ್ಕೋದ ವಿವರಣೆಯೇ ಒಪ್ಪಿಕೊಂಡಿದೆ. ಕೆಂಪು ಬಣ್ಣಕ್ಕೆ ಜಂಬಿಟ್ಟಿಗೆಯ ಮಣ್ಣು, ಬಿಳಿಗೆ ಜೇಡಿ, ಕಪ್ಪಿಗೆ ಗ್ರಾಫೈಟ್ ಕಲ್ಲು. ಎಲ್ಲ ಮುಗಿದ ಮೇಲೆ ನೆರೆ ಎಂಬ ಮರದ ಕಾಯಿಸಿಪ್ಪೆಯನ್ನು ಕುದಿಸಿ ತೆಗೆದ ಕಷಾಯವನ್ನು ಗೋಡೆಗೆ ಬಳಿಯುತ್ತಾರೆ. ಅದು ಒಣಗಿ ಹೊಳಪಿನ ಪದರವಾಗಿ ಮಳೆನೀರನ್ನು ಸ್ವಲ್ಪ ಕಾಲ ತಡೆಯುತ್ತದೆ. ಮನೆಯ ಆಕಾರವೂ ಬದುಕಿನ ಹಂತವನ್ನು ಹೇಳುತ್ತದೆ. ಮದುವೆಯಾಗದವರಿಗೆ ದುಂಡನೆಯ ಮನೆ, ಹೊಸದಾಗಿ ಸಂಸಾರ ಹೂಡಿದವರಿಗೆ ಚೌಕಾಕಾರದ ಮನೆ, ಅಜ್ಜಿ ಮತ್ತು ಮೊಮ್ಮಕ್ಕಳಿಗೆ ಇಂಗ್ಲಿಷಿನ ಎಂಟರ ಅಂಕಿಯಂತೆ ಎರಡು ದುಂಡು ಕೂಡಿದ ಮನೆ. ಬಾಗಿಲು ಎಷ್ಟು ತಗ್ಗೆಂದರೆ ಒಳಹೋಗುವವನು ಬಗ್ಗಿ ತೆವಳಬೇಕು. ಹಗೆಯೇ ಬಂದರೂ ಮೊದಲು ಒಳಗೆ ಹೋಗುವುದು ಅವನ ತಲೆ. ವಿನ್ಯಾಸವೆಂಬ ಮಾತಿಗೆ ಇಲ್ಲಿ ಬಣ್ಣದ ಆಯ್ಕೆಗಿಂತ ಹೆಚ್ಚಿನ ಅರ್ಥವಿದೆ: ಯಾರು ಎಲ್ಲಿ ಮಲಗಬೇಕು, ಯಾರು ಯಾರಿಗೆ ಕಲಿಸಬೇಕು, ಹೊರಗಿನವನು ಎಲ್ಲಿಯವರೆಗೆ ಬರಬಹುದು ಎಂಬುದೆಲ್ಲ ಅದರಲ್ಲಿ ಅಡಗಿದೆ.

ಸ್ಮಾರಕ ಸಂರಕ್ಷಣೆಯ ಆಧುನಿಕ ನಿಯಮಗಳು ಹುಟ್ಟಿದ್ದು ಕಲ್ಲಿನ ಯುರೋಪಿನಲ್ಲಿ. 1964ರ ವೆನಿಸ್ ಸನ್ನದು ಮೂಲ ವಸ್ತುವಿಗೆ ಕೊಟ್ಟ ಮಹತ್ವವನ್ನು ಅಕ್ಷರಶಃ ಪಾಲಿಸಿದ್ದರೆ ಮಣ್ಣಿನ ಮನೆಗಳಿಗೆ ಪಟ್ಟಿಯಲ್ಲಿ ಜಾಗವೇ ಇರುತ್ತಿರಲಿಲ್ಲ. ಮರದ ದೇಗುಲಗಳನ್ನು ಬಿಚ್ಚಿ ಮತ್ತೆ ಕಟ್ಟುವ ರೂಢಿಯಿರುವ ಜಪಾನಿನ ನಾರಾ ನಗರದಲ್ಲಿ 1994ರಲ್ಲಿ ಸೇರಿದ ತಜ್ಞರು ಈ ಗಂಟನ್ನು ಸಡಿಲಿಸಿದರು. ಮೂಲದ ನಿಜತನವನ್ನು ಅಳೆಯುವಾಗ ವಸ್ತುವಿನ ಜೊತೆಗೆ ಬಳಕೆ, ಕಸುಬು, ಸಂಪ್ರದಾಯಗಳನ್ನೂ ಆಯಾ ಸಂಸ್ಕೃತಿಯ ಅಳತೆಗೋಲಿನಿಂದಲೇ ನೋಡಬೇಕು ಎಂಬ ಒಪ್ಪಿಗೆ ಅಲ್ಲಿ ಮೂಡಿತು. 2004ರಲ್ಲಿ ಟೋಗೊ ದೇಶದ ಕೂಟಮ್ಮಾಕು ಪ್ರದೇಶ ಪಟ್ಟಿಗೆ ಬಂದದ್ದು, 2023ರಲ್ಲಿ ಗಡಿಯಾಚೆಯ ಬೆನಿನ್ ದೇಶದ ಭಾಗವೂ ಅದಕ್ಕೆ ಸೇರಿದ್ದು ಈ ಬದಲಾದ ದೃಷ್ಟಿಗೆ ಹೊಂದುವ ಬೆಳವಣಿಗೆಗಳು. ಅಲ್ಲಿನ ಬಟಮ್ಮರಿಬ ಜನರ ಹೆಸರಿಗೇ ಮಣ್ಣನ್ನು ರೂಪಿಸುವವರು ಎಂಬ ಅರ್ಥವಿದೆ. ಟಾಕಿಯೆಂಟಾ ಎಂದು ಅವರು ಕರೆಯುವ ಗೋಪುರದಂಥ ಮನೆಯನ್ನು ಅವರು ಮನುಷ್ಯ ದೇಹದಂತೆ ಕಾಣುತ್ತಾರೆ. ಬಾಗಿಲು ಅದರ ಬಾಯಿ.

ಹಾಗೆಂದು ಪಟ್ಟಿಗೆ ಸೇರಿದೊಡನೆ ಎಲ್ಲವೂ ಸರಿಯಾಯಿತು ಎನ್ನಲಾಗದು. ಮಾಲಿ ದೇಶದ ಜೆನ್ನೆ ಪಟ್ಟಣದ ಕಥೆ ಇದಕ್ಕೆ ಸಾಕ್ಷಿ. 1988ರಲ್ಲಿಯೇ ವಿಶ್ವ ಪರಂಪರೆಯಾದ ಜೆನ್ನೆಯ ಮಹಾ ಮಸೀದಿಗೆ ಊರಿಗೆ ಊರೇ ಸೇರಿ ವರ್ಷಕ್ಕೊಮ್ಮೆ ಮಣ್ಣಿನ ಗಿಲಾವು ಬಳಿಯುವ ದೃಶ್ಯ ಲೋಕಪ್ರಸಿದ್ಧ. ಅದರ ಸುತ್ತಲಿರುವ ಸಾವಿರಾರು ಮನೆಗಳ ಪಾಡು ಅಷ್ಟು ಪ್ರಸಿದ್ಧವಲ್ಲ. ನದಿಯ ಮಣ್ಣಿಗೆ ಭತ್ತದ ಹೊಟ್ಟು ಬೆರೆಸಿ, ಕೊಳೆಸಿ, ಹದಮಾಡಿ ಬಳಿಯುವ ಕೆಲಸಕ್ಕೆ ಕೂಲಿ ಬೇಕು, ಹೊಟ್ಟು ಬೇಕು, ಕಸುಬು ಬಲ್ಲ ಬಾರೆ ಎಂಬ ಗಾರೆಯವರು ಬೇಕು. ಇದನ್ನು ಪದೇಪದೇ ಮಾಡಿಸಲಾರದ ಮನೆಯವರು ಗೋಡೆಗೆ ಸುಟ್ಟ ಮಣ್ಣಿನ ಬಿಲ್ಲೆಗಳನ್ನು ಹೊದಿಸತೊಡಗಿದಾಗ ಸಂರಕ್ಷಣಾ ತಜ್ಞರು ಆಕ್ಷೇಪಿಸಿದರು. ತಮ್ಮ ಮನೆಯಲ್ಲಿ ಕೋಣೆಯ ಅಳತೆಯನ್ನೂ ನೆಲವನ್ನೂ ತಮಗೆ ಬೇಕಾದಂತೆ ಬದಲಿಸಲಾಗದು ಎಂಬ ಕೊರಗು ನಿವಾಸಿಗಳದು. ಈ ವಾದದಲ್ಲಿ ಒಂದು ಸಂಗತಿ ಮರೆಯಾಗುತ್ತದೆ. ಈಗ ಸಾಂಪ್ರದಾಯಿಕವೆಂದು ಕಾಪಾಡಲಾಗುತ್ತಿರುವ ಚೌಕ ಇಟ್ಟಿಗೆ ಜೆನ್ನೆಗೆ ಬಂದದ್ದು 20ನೇ ಶತಮಾನದಲ್ಲಿ. ಅಲ್ಲಿನ ಗಾರೆಯವರು ಅದನ್ನು ಇಂದಿಗೂ ಬಿಳಿಯರ ಇಟ್ಟಿಗೆ ಎಂದೇ ಕರೆಯುತ್ತಾರೆ. ಅದಕ್ಕೂ ಮೊದಲು ಇದ್ದದ್ದು ಕೈಯಲ್ಲಿ ರೂಪಿಸಿದ ಉರುಳೆಯಾಕಾರದ ಇಟ್ಟಿಗೆ. ಪರಂಪರೆ ಆಗ ಬದಲಾಗಬಹುದಿತ್ತಾದರೆ ಈಗೇಕೆ ಬದಲಾಗಬಾರದು ಎಂಬ ಪ್ರಶ್ನೆಗೆ ತಜ್ಞರ ಬಳಿ ಸಮರ್ಪಕ ಉತ್ತರವಿದೆ ಎಂದು ನನಗೆ ಅನ್ನಿಸುವುದಿಲ್ಲ. ದೇಶದ ಅಶಾಂತಿಯ ಹಿನ್ನೆಲೆಯಲ್ಲಿ 2016ರಲ್ಲಿ ಜೆನ್ನೆ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿತು.

ಮಣ್ಣಿನ ಮನೆಗೆ ಇನ್ನೊಂದು ದಿಕ್ಕಿನಿಂದಲೂ ಏಟು ಬೀಳುತ್ತಿದೆ, ಅದು ಅಂಕಿಅಂಶಗಳ ದಿಕ್ಕು. ನಮ್ಮಲ್ಲಿ ಕಚ್ಚಾ ಮನೆ, ಪಕ್ಕಾ ಮನೆ ಎಂಬ ಭೇದ ಹೇಗೆ ಜನಗಣತಿಯಿಂದ ಮದುವೆಯ ಮಾತುಕತೆಯವರೆಗೂ ಹಬ್ಬಿದೆಯೋ ಹಾಗೆಯೇ ಫ್ರೆಂಚ್ ಬಳಕೆಯ ಪಶ್ಚಿಮ ಆಫ್ರಿಕಾದಲ್ಲಿ ಹಸಿಮಣ್ಣಿನ ಬಾಂಕೊ ಮನೆ ಮತ್ತು ಸಿಮೆಂಟಿನ ಗಟ್ಟಿ ಮನೆ ಎಂಬ ಭೇದವಿದೆ. ಬಹುಆಯಾಮದ ಬಡತನದ ಜಾಗತಿಕ ಸೂಚ್ಯಂಕದಲ್ಲಿ ಮಣ್ಣಿನ ಅಥವಾ ಸಗಣಿಯ ನೆಲವಿರುವ ಮನೆ ಕೊರತೆಯ ಮನೆ. ಇದಕ್ಕೆ ಕಾರಣವಿಲ್ಲದಿಲ್ಲ: ಹಸಿ ನೆಲದಿಂದ ಮಕ್ಕಳಿಗೆ ಹುಳದ ಬಾಧೆ ತಗಲುವುದು ಸುಳ್ಳಲ್ಲ. ಆದರೆ ನೆಲಕ್ಕೆ ಅನ್ವಯಿಸುವ ಮಾತನ್ನು ಗೋಡೆಗೂ ಚಾವಣಿಗೂ ಹಾಗೆಯೇ ಹಚ್ಚಿದಾಗ ತಪ್ಪು ಲೆಕ್ಕ ಹುಟ್ಟುತ್ತದೆ. ದಪ್ಪ ಮಣ್ಣಿನ ಗೋಡೆ ಹಗಲಿನ ಶಾಖವನ್ನು ಹೀರಿ ನಿಧಾನವಾಗಿ ಬಿಡುತ್ತದೆ. ತೆಳುವಾದ ಸಿಮೆಂಟ್ ಇಟ್ಟಿಗೆಯ ಗೋಡೆ, ತಲೆಯ ಮೇಲೆ ನೇರ ತಗಡು ಇರುವ ಮನೆ ಸಹಾರಾ ಮರುಭೂಮಿಯ ದಕ್ಷಿಣದಂಚಿನ ಸಹೇಲ್ ಸೀಮೆಯ ಬೇಸಿಗೆಯಲ್ಲಿ ಒಲೆಯಾಗುತ್ತದೆ. ಬುರ್ಕಿನಾ ಫಾಸೊದ ಗಾಂಡೊ ಎಂಬ ಹಳ್ಳಿಯಲ್ಲಿ ಹುಟ್ಟಿದ ಫ್ರಾನ್ಸಿಸ್ ಕೆರೆ 2001ರಲ್ಲಿ ಅದೇ ಹಳ್ಳಿಗೆ ಕಟ್ಟಿಸಿಕೊಟ್ಟ ಶಾಲೆಯಲ್ಲಿ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಇಟ್ಟಿಗೆ ಮಾಡಿ, ಇಟ್ಟಿಗೆಯ ಚಾವಣಿಯಿಂದ ತಗಡನ್ನು ಮೇಲೆತ್ತಿ ನಡುವೆ ಗಾಳಿಯಾಡಲು ಬಿಟ್ಟರು. ಅವರಿಗೆ 2022ರಲ್ಲಿ ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು; ಆಫ್ರಿಕಾದಲ್ಲಿ ಹುಟ್ಟಿದ ಕರಿಯ ವಾಸ್ತುಶಿಲ್ಪಿಯೊಬ್ಬರಿಗೆ ಅದು ಸಂದದ್ದು ಅದೇ ಮೊದಲು. ಪ್ರಶಸ್ತಿ ಬಂದರೂ ಗಣತಿದಾರನ ಕೈಯಲ್ಲಿರುವ ನಮೂನೆ ಬದಲಾಗಿಲ್ಲ.

ಇನ್ನು ಮಾರುಕಟ್ಟೆ. ಅದಕ್ಕೆ ಮನೆ ಬೇಡ, ಮನೆಯ ಮೇಲಿನ ಚಿತ್ತಾರ ಬೇಕು. ದಕ್ಷಿಣ ಆಫ್ರಿಕಾದ ಎನ್ಡೆಬೆಲೆ ಹೆಂಗಸರ ಗೋಡೆ ಚಿತ್ರಗಳನ್ನೇ ನೋಡೋಣ. 1882–83ರ ಯುದ್ಧದಲ್ಲಿ ಡಚ್ ಮೂಲದ ಬಿಳಿಯ ವಲಸಿಗರಾದ ಬೋಯರರಿಗೆ ಸೋತ ಎನ್ಡೆಬೆಲೆ ಜನ ಭೂಮಿ ಕಳೆದುಕೊಂಡು, ಬೋಯರರ ಹೊಲಗಳಲ್ಲಿ ಜೀತಕ್ಕೆ ಹಂಚಿಹೋದರು. ದಪ್ಪ ಕಪ್ಪು ಗೆರೆಯೊಳಗೆ ಬಣ್ಣ ತುಂಬುವ ಇಂದಿನ ಶೈಲಿ ಪಳಗಿದ್ದು ಆ ಚದುರಿದ ಬದುಕಿನ ನಂತರ. ಬಿಳಿಯರ ಹೊಲದಂಚಿನ ಮನೆಯ ಗೋಡೆ ನಾವು ಇಲ್ಲಿದ್ದೇವೆ, ನಾವು ಇಂಥವರು ಎಂದು ಸಾರುತ್ತಿತ್ತು. 1950ರ ದಶಕದಲ್ಲಿ ವರ್ಣಭೇದದ ಸರ್ಕಾರವೇ ಪ್ರಿಟೋರಿಯಾ ಬಳಿಯ ಒಂದು ಎನ್ಡೆಬೆಲೆ ವಸತಿಯನ್ನು ಪ್ರವಾಸಿಗರಿಗೆ ತೋರಿಸುವ ತಾಣವಾಗಿ ಬೆಳೆಸಿತು. ಜನರನ್ನು ಒಕ್ಕಲೆಬ್ಬಿಸುವ ಕೈಯೇ ಅವರ ಗೋಡೆಯನ್ನು ಮೆಚ್ಚಿ ತೋರಿಸುವುದು ಎಷ್ಟು ಸುಲಭ ನೋಡಿ. 1935ರಲ್ಲಿ ಹುಟ್ಟಿ, ಹತ್ತರ ಎಳೆವಯಸ್ಸಿಗೇ ತಾಯಿ ಮತ್ತು ಅಜ್ಜಿಯಿಂದ ಕೋಳಿಗರಿ ಹಿಡಿದು ಬರೆಯುವುದನ್ನು ಕಲಿತ ಎಸ್ತರ್ ಮಹ್ಲಾಂಗು 1989ರಲ್ಲಿ ಪ್ಯಾರಿಸಿನ ಪ್ರದರ್ಶನವೊಂದರಲ್ಲಿ ಬರೆದರು, 1991ರಲ್ಲಿ ಬಿಎಂಡಬ್ಲ್ಯೂ ಕಾರೊಂದರ ಮೈಮೇಲೆ ಬರೆದರು. ಆ ಕಾರು 2016ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿತ್ತು. ಅಜ್ಜಿ ಬರೆದ ಗೋಡೆಗೆ ಕರಗುವ ಹಣೆಬರಹ, ಕಾರಿಗೆ ಹವಾನಿಯಂತ್ರಿತ ಕೋಣೆ. ಮಹ್ಲಾಂಗು ಅವರ ಕೀರ್ತಿ ಸಲ್ಲಬೇಕಾದದ್ದೇ, ಅವರು ತಮ್ಮ ಊರಿನ ಮಕ್ಕಳಿಗೆ ಕಲಿಸುತ್ತಲೂ ಬಂದಿದ್ದಾರೆ. ತಕರಾರು ಇರುವುದು ಆಫ್ರಿಕನ್ ಶೈಲಿ ಎಂಬ ಹಣೆಪಟ್ಟಿಯಡಿ ದಿಂಬು, ಪರದೆ, ಗೋಡೆಕಾಗದಗಳಲ್ಲಿ ಯಾರದೆಂದು ಹೇಳದೆ ಅಚ್ಚಾಗುವ ಗೆರೆಗಳ ಬಗ್ಗೆ. ಅಪ್ಪಟ ಆಫ್ರಿಕನ್ ಎಂದು ಜಗತ್ತು ನಂಬಿರುವ ಮೇಣದ ಅಚ್ಚಿನ ಬಟ್ಟೆಯಂತೂ ಜಾವಾದ ಬಾಟಿಕ್ ಅನ್ನು ಅನುಕರಿಸಿ ಹಾಲೆಂಡಿನ ಗಿರಣಿಗಳು ತಯಾರಿಸಿ, ಪಶ್ಚಿಮ ಆಫ್ರಿಕಾದ ಹೆಂಗಸರು ತಮ್ಮದಾಗಿಸಿಕೊಂಡ ಸರಕು.

ಗುಲಾಮರ ಹಡಗು ಏರಿಸಲ್ಪಟ್ಟವರು ಗೋಡೆಯನ್ನಾಗಲಿ ಮಣ್ಣನ್ನಾಗಲಿ ಒಯ್ಯಲಿಲ್ಲ. ಹಾಗಾದರೆ ಅವರ ಜೊತೆ ಹೋದ ಮನೆ ಯಾವುದು? ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಶಾಟ್‌ಗನ್ ಮನೆ ಈ ಪ್ರಶ್ನೆಗೆ ಬಹು ಚರ್ಚಿತವಾದ ಉತ್ತರ. ಸುಮಾರು ಹನ್ನೆರಡು ಅಡಿ ಅಗಲದ ಮರದ ಮನೆ; ನಡುವೆ ಓಡಾಡುವ ಹಾದಿಯಿಲ್ಲದೆ ಒಂದರ ಹಿಂದೆ ಒಂದು ಕೋಣೆ; ಬೀದಿಗೆ ಮುಖಮಾಡಿದ ಕಿರಿದಾದ ಮುಂಭಾಗದಲ್ಲಿ ಒಂದು ಜಗುಲಿ. ಮುಂಬಾಗಿಲಲ್ಲಿ ಹಾರಿಸಿದ ಗುಂಡು ಹಿಂಬಾಗಿಲಿಂದ ಹೊರಹೋಗುತ್ತದೆ ಎಂಬ ಲಘು ಮಾತಿನಿಂದ ಆ ಹೆಸರು ಬಂತೆಂದು ಜನ ಹೇಳುತ್ತಾರೆ. ಕಿರಿದಾದ ನಿವೇಶನಗಳಿಂದಲೇ ಈ ಆಕಾರ ಹುಟ್ಟಿತೆಂಬ ವಿವರಣೆ ಬಹುಕಾಲ ನಡೆದಿತ್ತು. ಜಾನಪದ ವಿದ್ವಾಂಸ ಜಾನ್ ಮೈಕೆಲ್ ವ್ಲಾಚ್ 1975ರಲ್ಲಿ ತಮ್ಮ ಮಹಾಪ್ರಬಂಧದಲ್ಲಿ ಬೇರೆ ಜಾಡು ಹಿಡಿದರು. 1791ರಲ್ಲಿ ಸಿಡಿದ ಹೈಟಿಯ ಕ್ರಾಂತಿಯಿಂದ ಕ್ಯೂಬಾಕ್ಕೆ ಓಡಿದ್ದ ಜನರನ್ನು 1809ರಲ್ಲಿ ಅಲ್ಲಿಂದಲೂ ಹೊರಹಾಕಿದಾಗ ಒಂಬತ್ತು ಸಾವಿರಕ್ಕೂ ಹೆಚ್ಚು ಮಂದಿ ನ್ಯೂ ಆರ್ಲಿಯನ್ಸ್‌ಗೆ ಬಂದಿಳಿದರು. ಅವರಲ್ಲಿ ಸುಮಾರು ಮೂರನೆಯ ಒಂದು ಪಾಲು ಗುಲಾಮಗಿರಿಯಿಂದ ಹೊರಗಿದ್ದ ಕರಿಯ ಮತ್ತು ಮಿಶ್ರ ಮೂಲದವರು, ಬಡಗಿಗಳೂ ಗಾರೆಯವರೂ ಅವರಲ್ಲಿದ್ದರು. ಅವರು ಹೈಟಿಯಿಂದ ತಂದ ಈ ಉದ್ದುದ್ದ ಮನೆಯ ಮಾದರಿಯ ಹಿಂದೆ ಈಗಿನ ನೈಜೀರಿಯಾದ ಯೊರುಬಾ ಜನರ ಎರಡು ಕೋಣೆಯ ಮನೆಯ ಅಳತೆಯಿದೆ, ಅದಕ್ಕೆ ದ್ವೀಪದ ಮೂಲನಿವಾಸಿಗಳ ಗುಡಿಸಲ ರೂಪವೂ ಫ್ರೆಂಚರ ಮರದ ಚೌಕಟ್ಟೂ ಕೂಡಿಕೊಂಡಿವೆ ಎಂಬುದು ವ್ಲಾಚ್ ವಾದ. ಇದನ್ನು ಒಪ್ಪದವರೂ ಇದ್ದಾರೆ. ಆದರೆ ವಾದದ ತಿರುಳು ಮುಖ್ಯ. ದಾಟಿ ಬಂದದ್ದು ವಸ್ತುವಲ್ಲ, ಕೋಣೆ ಎಷ್ಟಿದ್ದರೆ ಹಿತ, ನೆರೆಯವನಿಗೆ ಎಷ್ಟು ಹತ್ತಿರವಿರಬೇಕು, ಒಳಗಿಗೂ ಬೀದಿಗೂ ನಡುವೆ ಏನಿರಬೇಕು ಎಂಬ ಅಂದಾಜು. ಜಗುಲಿಯ ವಿಷಯಕ್ಕೆ ಬಂದರೆ ಇಂಗ್ಲಿಷಿಗೆ ವೆರಾಂಡಾ ಎಂಬ ಪದ ಹೋದದ್ದು ಭಾರತದ ದಾರಿಯಿಂದ ಎಂಬುದನ್ನೂ ನೆನೆಯಬಹುದು. ಎಲ್ಲ ಜಗುಲಿಗಳಿಗೂ ಒಂದೇ ತವರು ಹುಡುಕುವುದು ವ್ಯರ್ಥ.

ಇದೇ ಮಾತು ಗುಡಿಸಿದ ಅಂಗಳಕ್ಕೂ ಸಲ್ಲುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳ ಕರಿಯ ಕುಟುಂಬಗಳು ಮನೆಯ ಮುಂದೆ ಹುಲ್ಲು ಬೆಳೆಯಲು ಬಿಡದೆ ಬರಿಮಣ್ಣನ್ನು ಟೊಂಗೆಯ ಪೊರಕೆಯಿಂದ ಗೆರೆ ಮೂಡುವಂತೆ ಗುಡಿಸುತ್ತಿದ್ದವು. ಹಾವು ಕಾಣಿಸುತ್ತದೆ, ಬೆಂಕಿ ಹಬ್ಬುವುದಿಲ್ಲ, ಅಡುಗೆಗೂ ಹರಟೆಗೂ ಜಾಗವಾಗುತ್ತದೆ. ಪಶ್ಚಿಮ ಆಫ್ರಿಕಾದ ವಠಾರಗಳಲ್ಲಿ ಇದೇ ರೂಢಿಯಿದೆ. ಹುಲ್ಲುಹಾಸೇ ಸಭ್ಯತೆಯ ಗುರುತಾದ ಮೇಲೆ ಇಂಥ ಅಂಗಳ ಬಡತನದ, ಅಲಕ್ಷ್ಯದ ಗುರುತಾಯಿತು. ದಿನವೂ ಬೆಳಗ್ಗೆ ಗುಡಿಸಿದ ಅಂಗಳವನ್ನು ಅಲಕ್ಷ್ಯವೆನ್ನುವುದು ವಿಚಿತ್ರ.

ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ, ಆಫ್ರಿಕಾ ಮೂಲದ ಸಿದ್ದಿಯರ ವಿಷಯದಲ್ಲಿ ಈ ಪರಂಪರೆಯನ್ನು ಗೋಡೆಯಲ್ಲಿ ಹುಡುಕುವವರಿಗೆ ಹೆಚ್ಚೇನೂ ಸಿಗಲಾರದು. ಅದು ಇರುವುದು ಹಾಸಿಗೆಯಲ್ಲಿ. ಉಟ್ಟು ಹಳೆಯದಾದ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ನಡುವಿನತ್ತ ಸುತ್ತುತ್ತ ಹೊಲಿದು ಸಿದ್ದಿ ಹೆಂಗಸರು ಮಾಡುವ ಕವಂದಿ ಎಂಬ ಹೊದಿಕೆಯ ನಾಲ್ಕು ಮೂಲೆಗಳಿಗೆ ಹೂವಿನಂತೆ ಮಡಚಿದ ತ್ರಿಕೋನದ ತುಂಡುಗಳನ್ನು ಕೂರಿಸುತ್ತಾರೆ. ಅದಿಲ್ಲದ ಕವಂದಿಯನ್ನು ಪೂರ್ತಿಯಾಯಿತೆಂದು ಎಣಿಸುವುದಿಲ್ಲ. ಉತ್ತರ ಕರ್ನಾಟಕದ ಕೌದಿಯ ನಂಟು ಇದರಲ್ಲಿ ಸ್ಪಷ್ಟ. ಆಫ್ರಿಕಾ ಎಷ್ಟು, ಕರ್ನಾಟಕ ಎಷ್ಟು ಎಂದು ಎಳೆ ಬಿಡಿಸುವುದಕ್ಕಿಂತ ಎರಡನ್ನೂ ಒಂದೇ ದಾರದಲ್ಲಿ ಹೊಲಿದವರ ಕೈಚಳಕವನ್ನು ಗಮನಿಸುವುದೇ ಮೇಲು.

ಇಂಥ ಪರಂಪರೆಗೆ ಕಾನೂನಿನ ರಕ್ಷಣೆ ಕೊಡುವುದು ಹೇಗೆಂಬ ಪ್ರಶ್ನೆಯನ್ನು ಬ್ರೆಜಿಲ್ ಬಹಳ ಮೊದಲೇ ಎದುರಿಸಿತು. ಸಾಲ್ವದೋರ್ ನಗರದ ಕಾಸಾ ಬ್ರಾಂಕಾ, ಆಫ್ರಿಕಾದಿಂದ ಬಂದ ಗುಲಾಮರು ಬ್ರೆಜಿಲಿನಲ್ಲಿ ಕಟ್ಟಿಕೊಂಡ ಕಾಂಡೊಂಬ್ಲೆ ಧರ್ಮದ ಅತಿ ಹಳೆಯ ಕೇಂದ್ರಗಳಲ್ಲೊಂದು. ಅದರ ಪೂರ್ಣ ಹೆಸರಿನ ಮೊದಲ ಪದ ಇಲೆ, ಅಂದರೆ ಯೊರುಬಾ ಭಾಷೆಯಲ್ಲಿ ಮನೆ. 1984ರಲ್ಲಿ ಅದನ್ನು ರಾಷ್ಟ್ರೀಯ ಪರಂಪರೆಯೆಂದು ಘೋಷಿಸುವ ಪ್ರಸ್ತಾವ ಬಂದಾಗ ಪರಂಪರಾ ಮಂಡಳಿಯಲ್ಲಿ ಒಮ್ಮತವಿರಲಿಲ್ಲ. ಅಲ್ಲಿಯವರೆಗೆ ಮಂಡಳಿ ಕಾಪಾಡಿದ್ದು ಪೋರ್ಚುಗೀಸರ ಇಗರ್ಜಿ, ಕೋಟೆ, ದೊಡ್ಡಮನೆಗಳನ್ನು. ಇಲ್ಲಿ ಇದ್ದದ್ದು ಇಳಿಜಾರಿನಲ್ಲಿ ಚದುರಿದ ಸಾಮಾನ್ಯ ಕಟ್ಟಡಗಳು, ಪೂಜೆಯ ಮರಗಳು. ಆಚರಣೆಯ ಅಗತ್ಯಕ್ಕೆ ತಕ್ಕಂತೆ ಬದಲಾಗಲೇಬೇಕಾದ ಜಾಗವನ್ನು ಬದಲಿಸಕೂಡದೆಂದು ಕಟ್ಟಿಹಾಕುವುದು ಹೇಗೆ ಎಂಬುದು ವಿರೋಧದ ಒಂದು ಮುಖ, ಅದು ಹುರುಳಿಲ್ಲದ ಮಾತೂ ಅಲ್ಲ. ಕೊನೆಗೆ ಪ್ರಸ್ತಾವ ಗೆದ್ದಿತು. ಅದರ ನಿಜವಾದ ಫಲ ಕಟ್ಟಡಕ್ಕಿಂತ ನೆಲಕ್ಕೆ ದಕ್ಕಿದ್ದು. ಓಡಿಹೋದ ಗುಲಾಮರು ಕಟ್ಟಿಕೊಂಡ ಕಿಲೊಂಬೊ ವಸತಿಗಳ ವಂಶಸ್ಥರಿಗೆ ಅವರು ನೆಲೆಸಿರುವ ಭೂಮಿಯ ಒಡೆತನವನ್ನು 1988ರ ಸಂವಿಧಾನ ಮಾನ್ಯ ಮಾಡಿದ್ದೂ ಇದೇ ದಶಕದಲ್ಲಿ. ಹಕ್ಕುಪತ್ರ ವಿತರಣೆ ಆಮೆಗತಿಯಲ್ಲಿದೆ, ಆದರೆ ತತ್ತ್ವವಾದರೂ ಬರಹಕ್ಕಿಳಿದಿದೆ.

ನೆಲದ ಪ್ರಶ್ನೆಯನ್ನು ಬಿಟ್ಟು ಬರೀ ಕಟ್ಟಡವನ್ನು ಘೋಷಿಸಿದರೆ ಆಗುವುದೇನೆಂಬುದಕ್ಕೆ ಅಟ್ಲಾಂಟಿಕ್‌ನ ಈಚೆ ದಡದ, ನೈಜೀರಿಯಾದ ಲಾಗೋಸ್ ನಗರ ನಿದರ್ಶನ. 19ನೇ ಶತಮಾನದಲ್ಲಿ, ಮುಖ್ಯವಾಗಿ ಸಾಲ್ವದೋರ್‌ನ 1835ರ ದಂಗೆಯ ನಂತರ, ಬ್ರೆಜಿಲಿನಿಂದ ಮರಳಿದ ಬಿಡುಗಡೆಗೊಂಡ ಆಫ್ರಿಕನ್ನರನ್ನು ಅಲ್ಲಿ ಅಗುಡಾ ಎನ್ನುತ್ತಾರೆ. ಅವರು ಗಾರೆ ಕೆಲಸ, ಕಮಾನಿನ ಕಿಟಕಿ, ಮಹಡಿ ಮನೆಗಳನ್ನು ತಂದರು. ಅಂದರೆ ಮನೆ ಸಾಗರವನ್ನು ಎರಡು ಸಲ ದಾಟಿತು. ಅಂಥ ಮನೆಗಳಲ್ಲಿ ಒಂದಾದ, 1855ರ ಸುಮಾರಿಗೆ ಕಟ್ಟಿದ ಇಲೊಜೊ ಬಾರ್ 1956ರಲ್ಲಿಯೇ ರಾಷ್ಟ್ರೀಯ ಸ್ಮಾರಕವಾಗಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಅದನ್ನು ಕೆಡವಲಾಯಿತು. ಚಿನ್ನದ ಬೆಲೆಯ ಲಾಗೋಸ್ ದ್ವೀಪದ ನೆಲದ ಮೇಲೆ ದುರಸ್ತಿಗೆ ಹಣವಿಲ್ಲದ ಘೋಷಣೆ ನಿಲ್ಲಲಿಲ್ಲ.

ಅಮೆರಿಕದಲ್ಲಿ ಈ ನೆಲದ ಪ್ರಶ್ನೆಗೆ ನಮಗೆ ಚೆನ್ನಾಗಿ ಪರಿಚಯವಿರುವ ಒಂದು ಮುಖವಿದೆ. ಅಜ್ಜ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸದೆ, ವಿಭಾಗ ಪತ್ರವಿಲ್ಲದೆ, ಎಲ್ಲರೂ ಉಣ್ಣುತ್ತ ಉಳುತ್ತ ಬಂದ ಆಸ್ತಿ ನಮ್ಮ ಪ್ರತಿ ಊರಿನಲ್ಲೂ ಇದೆ. ನ್ಯಾಯಾಲಯವನ್ನೂ ವಕೀಲರನ್ನೂ ನಂಬಲಾಗದಿದ್ದ ಕಾಲದಲ್ಲಿ ಉಯಿಲು ಬರೆಯದೆ ಹೋದ ಕರಿಯ ಕುಟುಂಬಗಳ ಆಸ್ತಿ ಹೀಗೆಯೇ ಹತ್ತಾರು ವಾರಸುದಾರರ ಅವಿಭಕ್ತ ಒಡೆತನಕ್ಕೆ ಬಂತು. ದೂರದ ನಗರದಲ್ಲಿರುವ ಒಬ್ಬ ವಾರಸುದಾರನ ಪಾಲನ್ನು ಅಗ್ಗಕ್ಕೆ ಕೊಂಡ ವ್ಯಾಪಾರಿ ನ್ಯಾಯಾಲಯಕ್ಕೆ ಹೋಗಿ ಇಡೀ ಆಸ್ತಿಯನ್ನು ಹರಾಜಿಗಿಡಿಸಬಹುದಾಗಿತ್ತು. 1910ರ ಹೊತ್ತಿಗೆ ಕರಿಯ ರೈತರ ಒಡೆತನದಲ್ಲಿದ್ದ ಸುಮಾರು 1.5 ಕೋಟಿ ಎಕರೆಯಲ್ಲಿ ಬಹುಪಾಲು ಶತಮಾನದ ಕೊನೆಗೆ ಕೈತಪ್ಪಿದ್ದಕ್ಕೆ ಇದೂ ಒಂದು ಕಾರಣ. 2005ರ ಕತ್ರಿನಾ ಚಂಡಮಾರುತದ ನಂತರ ನ್ಯೂ ಆರ್ಲಿಯನ್ಸ್‌ನಲ್ಲಿ ಇದೇ ತೊಡಕು ಶಾಟ್‌ಗನ್ ಮನೆಗಳ ಬೀದಿಗಳಿಗೆ ಬಂತು. ಹೆಸರಿಗೆ ಖಾತೆಯಿಲ್ಲದ ಹಲವರಿಗೆ ಪರಿಹಾರ ಸಿಗಲಿಲ್ಲ. ಸಿಕ್ಕವರಿಗೂ ಮೊತ್ತವನ್ನು ಮರಳಿ ಕಟ್ಟುವ ಖರ್ಚಿನ ಬದಲು ಮನೆಯ ಹಳೆಯ ಮಾರುಕಟ್ಟೆ ಬೆಲೆಗೆ ಕಟ್ಟಿಹಾಕಿದ್ದರಿಂದ, ಬೆಲೆ ಕಡಿಮೆಯಿದ್ದ ಕರಿಯರ ಬಡಾವಣೆಗಳಿಗೆ ಹಣವೂ ಕಡಿಮೆ ಬಂತು. ಆ ಸಂಬಂಧದ ಮೊಕದ್ದಮೆ ರಾಜಿಯಾದದ್ದು 2011ರಲ್ಲಿ. ವಾರಸುದಾರರ ಆಸ್ತಿಯ ಹರಾಜಿಗೆ ಕಡಿವಾಣ ಹಾಕುವ ಮಾದರಿ ಕಾನೂನು 2010ರಲ್ಲಿ ರೂಪುಗೊಂಡು ಹಲವು ರಾಜ್ಯಗಳು ಅದನ್ನು ಅಳವಡಿಸಿಕೊಂಡಿವೆ. ಅದರಂತೆ ಹರಾಜಿಗೆ ಮೊದಲು ಉಳಿದ ವಾರಸುದಾರರಿಗೆ ಕೊಳ್ಳುವ ಅವಕಾಶ ಕೊಡಬೇಕು. ಕೊಳ್ಳಲು ಕೈಯಲ್ಲಿ ಹಣವಿರಬೇಕು ಎಂಬುದು ಬೇರೆ ಮಾತು.

ಜಾರ್ಜಿಯಾ ರಾಜ್ಯದ ಕರಾವಳಿಯ ಸಪೆಲೊ ದ್ವೀಪದಲ್ಲಿ ಹಾಗ್ ಹ್ಯಾಮಕ್ ಎಂಬ ಪುಟ್ಟ ವಸತಿ ಉಳಿದಿದೆ. ಅಲ್ಲಿರುವವರು ಗಲ್ಲಾ ಗೀಚಿ ಜನ, ಅಂದರೆ ಆ ಕರಾವಳಿಯ ಭತ್ತ, ಹತ್ತಿಯ ತೋಟಗಳಲ್ಲಿ ದುಡಿಸಲ್ಪಟ್ಟು, ದ್ವೀಪಗಳ ಒಂಟಿತನದಲ್ಲಿ ತಮ್ಮದೇ ನುಡಿ ಮತ್ತು ನಡೆಯನ್ನು ಉಳಿಸಿಕೊಂಡ ಆಫ್ರಿಕನ್ನರ ವಂಶಸ್ಥರು. ಕೆಟ್ಟ ಆತ್ಮಗಳು ಬಾರದಿರಲೆಂದು ಜಗುಲಿಯ ಚಾವಣಿಗೂ ಕಿಟಕಿ ಬಾಗಿಲುಗಳಿಗೂ ತಿಳಿನೀಲಿ ಬಳಿಯುವ ರೂಢಿ ಅವರದು; ಇಂದು ಅದೇ ನೀಲಿಯನ್ನು ಬಣ್ಣದ ಕಂಪನಿಗಳು ಡಬ್ಬಿಯಲ್ಲಿ ಮಾರುತ್ತವೆ. ಹಾಗ್ ಹ್ಯಾಮಕ್‌ನಲ್ಲಿ ಮನೆಯ ಗಾತ್ರ 1,400 ಚದರ ಅಡಿಯನ್ನು ಮೀರಕೂಡದೆಂಬ ನಿಯಮವಿತ್ತು. ಅದು ಯಾವ ಗೋಡೆಯನ್ನೂ ಸ್ಮಾರಕವೆಂದು ಸಾರಲಿಲ್ಲ, ಯಾವ ಚಿತ್ತಾರವನ್ನೂ ಪಟ್ಟಿ ಮಾಡಲಿಲ್ಲ. ದೊಡ್ಡ ಬಿಡಾರ ಕಟ್ಟಲಾಗದ ನೆಲಕ್ಕೆ ಹೊರಗಿನ ಸಿರಿವಂತರ ಪೈಪೋಟಿ ಕಡಿಮೆ, ಪೈಪೋಟಿ ಕಡಿಮೆಯಾದರೆ ಬೆಲೆಯೂ ತೆರಿಗೆಯೂ ಹಿಡಿತದಲ್ಲಿರುತ್ತವೆ, ತೆರಿಗೆ ಕಟ್ಟಬಲ್ಲವರು ಊರಲ್ಲೇ ಇರುತ್ತಾರೆ. ನನಗೆ ತಿಳಿದಂತೆ ಈ ಒಂದು ಅಂಕಿ ಎಷ್ಟೋ ಫಲಕಗಳಿಗಿಂತ ಹೆಚ್ಚು ಕೆಲಸ ಮಾಡಿದೆ. 2023ರ ಸೆಪ್ಟೆಂಬರ್‌ನಲ್ಲಿ ಕೌಂಟಿ ಆಡಳಿತ ಆ ಮಿತಿಯನ್ನು 3,000 ಚದರ ಅಡಿಗೆ ಏರಿಸಿತು. ನಿವಾಸಿಗಳು ಸಹಿ ಸಂಗ್ರಹಿಸಿ ಜನಮತಗಣನೆಗೆ ಬೇಡಿಕೆಯಿಟ್ಟರು. ಇಂಥ ವಿಷಯವನ್ನು ಮತಕ್ಕೆ ಹಾಕುವ ಹಕ್ಕು ಅವರಿಗೆ ಇದೆಯೇ ಎಂಬ ವ್ಯಾಜ್ಯ ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು.